ಮುಸ್ಲಿಮರ ಸಂಗೀತದೃಷ್ಟಿ

ಇಸ್ಲಾಂ ಧರ್ಮದಲ್ಲಿ ಸಂಗೀತಕ್ಕೆ ಎಡೆಯಿಲ್ಲವೆಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಹಾಗೆ ಹೇಳುವವರಲ್ಲಿ ಮುಸ್ಲಿಮರೂ ಉಂಟು, ಅನ್ಯಮತೀಯರೂ ಉಂಟು. ಇದಕ್ಕೆ ಪ್ರತಿಯಾಗಿ ಇನ್ನು ಕೆಲವರು ಅಬ್ದುಲ್ ಕರೀಂ ಖಾನ್, ಫಯಾಜ್ ಖಾನ್, ಬಿಸ್ಮಿಲ್ಲಾ ಖಾನ್ ಎಂದು ಮಹಾನುಭಾವರ ಹೆಸರುಗಳನ್ನು ಎಣಿಸಿ, ಪ್ರಶ್ನೆ ಅಲ್ಲಿಗೆ ಮುಗಿಯಿತೆಂದು ಭಾವಿಸುತ್ತಾರೆ. ಮೊದಲನೆಯವರು ಗ್ರಂಥದ ಕಡೆಗೆ ಬೆರಳು ತೋರುತ್ತಾರೆ. ಎರಡನೆಯವರು ಗಾಯಕರ ಕಡೆಗೆ. ಶಾಲೆಯ ವಾರ್ಷಿಕೋತ್ಸವಕ್ಕೆ ಸಮೂಹಗಾನವನ್ನು ಸಿದ್ಧಪಡಿಸುತ್ತಿರುವ ಉಪಾಧ್ಯಾಯಿನಿಗೆ ಈ ಎರಡು ಉತ್ತರಗಳಿಂದಲೂ ಪ್ರಯೋಜನವಿಲ್ಲ. ನಿನ್ನೆಯವರೆಗೆ ಹಾಡುತ್ತಿದ್ದ ಹುಡುಗಿ ಇಂದು ಸಾಲಿನಿಂದ ಹಿಂದೆ ಸರಿದು ನಿಲ್ಲುತ್ತಾಳೆ. ಮನೆಯಲ್ಲಿ ಬೇಡವೆಂದರಂತೆ. ಬೇಡವೆಂದದ್ದು ಹಾಡನ್ನೇ, ಹಾರ್ಮೋನಿಯಮ್ಮನ್ನೇ, ಹಾಡಿನ ಮಾತನ್ನೇ ಅಥವಾ ವೇದಿಕೆ ಹತ್ತುವುದನ್ನೇ? ಇದನ್ನು ಬಿಡಿಸಿ ನೋಡುವ ತಾಳ್ಮೆಯಿದ್ದರೆ ಮಾತ್ರ ಆ ಮಗುವಿಗೆ ಸಾಲಿನಲ್ಲಿ ಮತ್ತೆ ಸ್ಥಳ ದೊರೆತೀತು.

ಮೊದಲು ಶಬ್ದವನ್ನೇ ವಿಚಾರಿಸೋಣ. ನಾವು ಸಂಗೀತವೆಂದಾಗ ಗೀತ, ವಾದ್ಯ, ನೃತ್ಯ ಮೂರೂ ಅದರಲ್ಲಿ ಅಡಕವೆಂದು ನಮ್ಮ ಶಾಸ್ತ್ರಕಾರರು ಹೇಳಿದ್ದಾರೆ. ಅರಬ್ಬೀ ಭಾಷೆಯ 'ಮೂಸೀಖಿ' ಎಂಬುದು ಗ್ರೀಕರಿಂದ ಎರವಲು ಬಂದ ಶಬ್ದ. ಅದರ ವ್ಯಾಪ್ತಿ ಬೇರೆ. ಕುರಾನನ್ನು ಓದುವಾಗ ಸ್ವರವು ಏರುತ್ತದೆ, ಇಳಿಯುತ್ತದೆ, ಒಂದೆಡೆ ತಂಗುತ್ತದೆ. ಅದಕ್ಕೆ 'ತಜ್ವೀದ್' ಎಂಬ ಕಟ್ಟುನಿಟ್ಟಿನ ಉಚ್ಚಾರಣಶಾಸ್ತ್ರವಿದೆ. ಈಜಿಪ್ಟಿನ ಪ್ರಸಿದ್ಧ ಕಾರಿಗಳ ಪಠಣವನ್ನು ಕೇಳಿದವರಿಗೆ ಅದರಲ್ಲಿ ರಾಗವಿಲ್ಲವೆಂದು ಹೇಳಲು ನಾಲಿಗೆ ಏಳದು. ತುರ್ಕರಲ್ಲಿ ದಿನದ ಬೇರೆ ಬೇರೆ ಹೊತ್ತಿನ ಆಜಾನಿಗೆ ಬೇರೆ ಬೇರೆ 'ಮಕಾಮ್'ಗಳನ್ನು ಬಳಸುವ ಸಂಪ್ರದಾಯವಿದೆ. ಮುಂಜಾವಿನ ಆಜಾನಿಗೆ 'ಸಬಾ' ಎಂಬುದು ರೂಢಿ. ನಮ್ಮ ಭೈರವಕ್ಕೂ ಮುಂಜಾವಿಗೂ ಇರುವ ನಂಟಿನಂತೆಯೇ ಇದೂ. ಅರಬ್ ಜಗತ್ತನ್ನೇ ಅರ್ಧ ಶತಮಾನ ಆಳಿದ ಗಾಯಕಿ ಉಮ್ ಕುಲ್ಸುಮ್ ಹಳ್ಳಿಯ ಇಮಾಮರ ಮಗಳು. ಎಳವೆಯಲ್ಲಿ ಕುರಾನ್ ಪಠಣದಿಂದ ಅವಳ ಕಂಠ ಪಳಗಿತು. ಆದರೂ ಕುರಾನ್ ಪಠಣವನ್ನು 'ಸಂಗೀತ'ವೆಂದು ಕರೆದರೆ ಯಾವ ಮುಸ್ಲಿಮನೂ ಒಪ್ಪುವುದಿಲ್ಲ. ಅದು 'ಓದು' ಮಾತ್ರ. ವೇದಘೋಷವನ್ನು ಗಾಯನವೆಂದರೆ ನಮ್ಮ ಘನಪಾಠಿಗಳಿಗೆ ಹೇಗೆ ಅನ್ನಿಸೀತೋ ಹಾಗೆ. ಆದುದರಿಂದ 'ನಮ್ಮಲ್ಲಿ ಸಂಗೀತವಿಲ್ಲ' ಎಂದು ಒಬ್ಬ ಮುಸ್ಲಿಂ ಹಿರಿಯ ಹೇಳಿದರೆ 'ನಮ್ಮಲ್ಲಿ ಸ್ವರವಿಲ್ಲ' ಎಂದು ಅರ್ಥವಾಗದು.

ಇನ್ನು ಗ್ರಂಥದ ವಿಚಾರ. ಸಂಗೀತವನ್ನು ಹೆಸರಿಸಿ ನಿಷೇಧಿಸುವ ವಾಕ್ಯ ಕುರಾನಿನಲ್ಲಿಲ್ಲ. ಮೂವತ್ತೊಂದನೆಯ ಅಧ್ಯಾಯದ ಆರನೆಯ ವಾಕ್ಯದಲ್ಲಿ ದೇವರ ದಾರಿಯಿಂದ ಜನರನ್ನು ತಪ್ಪಿಸುವ 'ವ್ಯರ್ಥವಾದ ಮಾತು' ಎಂಬರ್ಥದ ಪದವೊಂದು ಬರುತ್ತದೆ. ಪ್ರವಾದಿಗಳ ಸಂಗಡಿಗರಲ್ಲೊಬ್ಬರಾದ ಇಬ್ನ್ ಮಸೂದರು ಅದಕ್ಕೆ ಹಾಡೆಂದೇ ಅರ್ಥ ಹೇಳಿದರೆಂಬುದು ಪರಂಪರೆ. ಹದೀಸುಗಳಲ್ಲಿ ಎರಡೂ ಬಗೆಯವು ದೊರೆಯುತ್ತವೆ. ರೇಷ್ಮೆ, ಮದ್ಯಗಳ ಜೊತೆಗೆ ವಾದ್ಯಗಳನ್ನೂ ಹಲಾಲೆಂದು ಮಾಡಿಕೊಳ್ಳುವ ಜನ ಮುಂದೆ ಬರುತ್ತಾರೆಂದು ಎಚ್ಚರಿಸುವ ಹದೀಸು ಒಂದು ಕಡೆ. ಇನ್ನೊಂದು ಕಡೆ, ಹಬ್ಬದ ದಿನ ಆಯಿಷಾ ಅವರ ಮನೆಯಲ್ಲಿ ಇಬ್ಬರು ಹುಡುಗಿಯರು ಹಾಡುತ್ತಿದ್ದಾಗ ಅಬೂಬಕರರು ಗದರಿಸಹೋದರೆಂದೂ, ಪ್ರತಿಯೊಂದು ಜನಾಂಗಕ್ಕೂ ಒಂದು ಹಬ್ಬವುಂಟು, ಅವರನ್ನು ಬಿಟ್ಟುಬಿಡಿ ಎಂದು ಪ್ರವಾದಿಗಳು ತಡೆದರೆಂದೂ ಹೇಳುವ ಹದೀಸು. ಮದುವೆಯನ್ನು ದಫ್ಫು ಬಾರಿಸಿ ಊರಿಗೆ ಸಾರಬೇಕೆಂಬ ಮಾತೂ ಇದೆ. ಕಡು ಸಂಪ್ರದಾಯಸ್ಥರ ಮನೆಯ ಮದುವೆಯಲ್ಲೂ ದಫ್ಫಿನ ಸದ್ದು ಕೇಳಿಬರುವುದು ಇದೇ ಆಧಾರದ ಮೇಲೆ.

ಹೀಗೆ ಎರಡೂ ಕಡೆ ಆಧಾರವಿದ್ದ ಮೇಲೆ ವಾದ ಬೆಳೆಯುವುದು ಸಹಜ. ಒಂಬತ್ತನೆಯ ಶತಮಾನದಲ್ಲಿ ಬಾಗ್ದಾದಿನ ಇಬ್ನ್ ಅಬಿದ್ದುನ್ಯಾ ವಾದ್ಯವಿನೋದಗಳನ್ನು ಖಂಡಿಸಲೆಂದೇ ಒಂದು ಗ್ರಂಥವನ್ನು ಬರೆದನು. ಹನ್ನೊಂದನೆಯ ಶತಮಾನದಲ್ಲಿ ಸ್ಪೇನಿನ ಕಾರ್ಡೋವದ ಇಬ್ನ್ ಹಜ್ಮ್, ವಾದ್ಯನಿಷೇಧದ ಹದೀಸುಗಳ ಪರಂಪರೆಯ ಕೊಂಡಿ ಗಟ್ಟಿಯಿಲ್ಲವೆಂದು ತೋರಿಸಿ ಸಂಗೀತ ಅನುಮತವೆಂದನು. ಹನ್ನೆರಡನೆಯ ಶತಮಾನದ 'ಹಿದಾಯಾ' ಎಂಬ ಹನಫೀ ನ್ಯಾಯಗ್ರಂಥವನ್ನು ನೋಡಿದರೆ, ಜನರೆದುರು ಹಾಡುವವನ ಮತ್ತು ತಂಬೂರ ನುಡಿಸುವವನ ಸಾಕ್ಷ್ಯವನ್ನು ನ್ಯಾಯಾಲಯದಲ್ಲಿ ಸ್ವೀಕರಿಸಲಾಗದೆಂದಿದೆ. ಇಲ್ಲಿ ಅಂಜಿಕೆ ಸ್ವರದ ಬಗ್ಗೆ ಎಷ್ಟೋ, ಆ ವೃತ್ತಿಯವರ ಸಾಮಾಜಿಕ ಸ್ಥಾನದ ಬಗ್ಗೆಯೂ ಅಷ್ಟೇ. ಹಾಡಿ ಹೊಟ್ಟೆ ಹೊರೆಯುವವನನ್ನು ಕೀಳಾಗಿ ಕಂಡದ್ದು ಮುಸ್ಲಿಂ ಸಮಾಜವೊಂದೇ ಅಲ್ಲ. ನಮ್ಮ ದೇವಾಲಯಗಳ ಗಾಯಕಿಯರಿಗೂ ನರ್ತಕಿಯರಿಗೂ ನಾವು ಕೊಟ್ಟ ಮರ್ಯಾದೆ ಎಂಥದೆಂದು ನೆನೆದರೆ ಈ ವಿಷಯದಲ್ಲಿ ಯಾರೂ ಯಾರನ್ನೂ ಆಡಿಕೊಳ್ಳುವಂತಿಲ್ಲ.

ಈ ಚರ್ಚೆಯಲ್ಲಿ ನನಗೆ ಅತ್ಯಂತ ಸೂಕ್ಷ್ಮವೆನಿಸಿದ ವಿವೇಚನೆ ಇಮಾಮ್ ಗಜಾಲಿಯವರದು. ೧೦೫೮ರಿಂದ ೧೧೧೧ರವರೆಗೆ ಬಾಳಿದ ಈ ಮಹಾಪಂಡಿತರು ತಮ್ಮ ಧರ್ಮವಿದ್ಯೆಯ ಬೃಹದ್‌ಗ್ರಂಥದಲ್ಲಿ ಗಾನಶ್ರವಣಕ್ಕಾಗಿ ಒಂದು ಭಾಗವನ್ನೇ ಮೀಸಲಿಟ್ಟಿದ್ದಾರೆ. ಇಂಪಾಗಿದೆಯೆಂಬ ಕಾರಣದಿಂದಲೇ ಒಂದು ಧ್ವನಿ ನಿಷಿದ್ಧವಾಗುವುದಾದರೆ ಬುಲ್‌ಬುಲ್ ಹಕ್ಕಿಯ ಕೂಗೂ ನಿಷಿದ್ಧವಾಗಬೇಕಲ್ಲ ಎಂಬುದು ಅವರ ಪ್ರಶ್ನೆ. ಹಾಗಾದರೆ ಕೆಲವು ವಾದ್ಯಗಳನ್ನು ಏಕೆ ದೂರವಿಡಬೇಕು? ಅವು ಕುಡುಕರ ಗೋಷ್ಠಿಯ ಸಂಗಾತಿಗಳಾದುದರಿಂದ, ಆ ಸಹವಾಸದೋಷದಿಂದ. ಗಾನಕ್ಕೆ ಮನುಷ್ಯರಷ್ಟೇ ಅಲ್ಲ ಪ್ರಾಣಿಗಳೂ ವಶವಾಗುತ್ತವೆಂಬುದಕ್ಕೆ ಅವರು ಒಂದು ಕಥೆಯನ್ನು ಉದ್ಧರಿಸುತ್ತಾರೆ. ಒಬ್ಬ ಅರಬನ ಆಳು ಸುಕಂಠನಾಗಿದ್ದ. ಅವನ ಹಾಡಿಗೆ ಮರುಳಾದ ಒಂಟೆಗಳು ಭಾರಿ ಹೊರೆ ಹೊತ್ತು ಮೂರು ದಿನದ ದಾರಿಯನ್ನು ಒಂದೇ ದಿನದಲ್ಲಿ ಕ್ರಮಿಸಿ, ಹೊರೆ ಇಳಿಸಿದೊಡನೆ ಸತ್ತುಬಿದ್ದವು. ಒಡೆಯ ಅವನನ್ನು ಸಂಕೋಲೆಯಲ್ಲಿ ಇಟ್ಟಿದ್ದ! ಗಾನದ ಶಕ್ತಿಯನ್ನೂ ಅದರ ಅಪಾಯವನ್ನೂ ಏಕಕಾಲಕ್ಕೆ ಹೇಳುವ ಕಥೆಯಿದು. ಗಜಾಲಿಯವರ ತೀರ್ಮಾನವೂ ಅದಕ್ಕೆ ತಕ್ಕುದೇ. ಕಾಲ, ಸ್ಥಳ, ಜೊತೆಗಾರರು, ಕೇಳುವವನ ಹೃದಯ ಇವುಗಳನ್ನು ನೋಡಿಯೇ ಗಾನದ ಒಳಿತು ಕೆಡುಕುಗಳನ್ನು ನಿರ್ಣಯಿಸಬೇಕು.

ಈ ಬೀಜ ನಮ್ಮ ದೇಶದಲ್ಲಿ ಚಿಶ್ತಿ ಸೂಫಿಗಳ ಕೈಯಲ್ಲಿ ಮೊಳೆಯಿತು. 'ಸಮಾ' ಎಂದರೆ ಕೇಳುವಿಕೆ. ಹಾಡುವವನಿಗಿಂತ ಕೇಳುವವನಿಗೆ ಪ್ರಾಧಾನ್ಯ ಕೊಡುವ ಈ ಹೆಸರೇ ಚೆನ್ನಾಗಿದೆ. ದೆಹಲಿಯ ನಿಜಾಮುದ್ದೀನ್ ಔಲಿಯಾ ಅವರ ಸಮಾ ಗೋಷ್ಠಿಗಳ ವಿರುದ್ಧ ಉಲೇಮಾಗಳು ದೂರಿದಾಗ, ೧೩೨೦ರಿಂದ ೧೩೨೫ರವರೆಗೆ ಆಳಿದ ಸುಲ್ತಾನ ಘಿಯಾಸುದ್ದೀನ್ ತುಘಲಕನು ಅವರನ್ನು ಸಭೆಗೆ ಕರೆಸಿ ವಾದ ಕೇಳಿದನು. ಶೇಖರು ಹದೀಸನ್ನು ಮುಂದಿಟ್ಟರು. ಎದುರಾಳಿಗಳು ನಮಗೆ ಹನಫೀ ನ್ಯಾಯಶಾಸ್ತ್ರದ ಮಾತು ಬೇಕೆಂದರು. ಸುಲ್ತಾನನು ಸಮಾವನ್ನು ನಿಷೇಧಿಸಲಿಲ್ಲ. ಆದರೆ ಶೇಖರೇ ವಿಧಿಸಿದ್ದ ಕಟ್ಟಳೆಗಳನ್ನು ನಾವು ಮರೆಯುತ್ತೇವೆ: ಹಾಡುವವನು ಪ್ರಾಯಕ್ಕೆ ಬಂದ ಪುರುಷನಾಗಿರಬೇಕು, ಕೇಳುವವನು ದೇವರ ಸ್ಮರಣೆಯಲ್ಲಿರಬೇಕು, ಹಾಡಿನಲ್ಲಿ ಅಶ್ಲೀಲವಿರಬಾರದು, ಚಂಗ್, ರಬಾಬ್ ಮೊದಲಾದ ವಾದ್ಯಗಳು ಸಲ್ಲವು. ಇಂದು ಅದೇ ದರ್ಗಾದ ಅಂಗಳದಲ್ಲಿ ಹಾರ್ಮೋನಿಯಂ, ಢೋಲಕ್‌ಗಳೊಡನೆ ಕವ್ವಾಲಿ ನಡೆಯುತ್ತದೆ. ಪರಂಪರೆಯೆಂಬುದು ತನ್ನ ಗುರುಗಳನ್ನೂ ಮೀರಿ ಬೆಳೆಯುವುದುಂಟು.

ಈ ಚಿಶ್ತಿ ಪರಂಪರೆಯೇ ಕನ್ನಡನಾಡಿಗೂ ಬಂತು. ೧೩೨೧ರಲ್ಲಿ ಹುಟ್ಟಿದ ಖ್ವಾಜಾ ಬಂದೇ ನವಾಜ್ ಗೇಸೂದರಾಜರು ಎಂಬತ್ತರ ಸುಮಾರಿನ ವಯಸ್ಸಿನಲ್ಲಿ ಫಿರೋಜ್ ಶಹಾ ಬಹಮನಿಯ ರಾಜಧಾನಿಯಾಗಿದ್ದ ಕಲಬುರಗಿಗೆ ಬಂದು, ೧೪೨೨ರಲ್ಲಿ ಅಲ್ಲಿಯೇ ದೇಹವಿಟ್ಟರು. ಅವರು ಸಮಾವನ್ನು ಮೆಚ್ಚಿದವರು; ಪಾರಸೀಯ ಗಾನಕ್ಕೆ ಒಂದು ಗುಣವಿದ್ದರೆ ಹಿಂದವೀ ಹಾಡಿಗೆ ಮನಸ್ಸನ್ನು ಕರಗಿಸುವ ಬೇರೊಂದು ಮಾರ್ದವವಿದೆಯೆಂಬ ಭಾವ ಅವರ ಸಂಭಾಷಣೆಗಳಲ್ಲಿ ವ್ಯಕ್ತವಾಗಿದೆ. ದೇಶಭಾಷೆಯ ಹಾಡಿಗೆ ಸಂದ ಈ ಮನ್ನಣೆ ದಖ್ಖನಿನಲ್ಲಿ ಫಲ ಕೊಟ್ಟಿತು. ೧೫೮೦ರಿಂದ ೧೬೨೭ರವರೆಗೆ ವಿಜಾಪುರವನ್ನು ಆಳಿದ ಎರಡನೆಯ ಇಬ್ರಾಹಿಂ ಆದಿಲಶಹನು ದಖ್ಖನಿಯಲ್ಲಿ ರಚಿಸಿದ 'ಕಿತಾಬ್-ಎ-ನವರಸ್'ದ ಹಾಡುಗಳಿಗೆ ರಾಗಗಳ ಹೆಸರುಗಳನ್ನು ಕೊಟ್ಟಿದ್ದಾನೆ, ಸರಸ್ವತಿಯನ್ನು ಸ್ತುತಿಸಿದ್ದಾನೆ. ತನ್ನ ತಂಬೂರಕ್ಕೆ ಮೋತಿಖಾನ್ ಎಂದು ಹೆಸರಿಟ್ಟು ಪ್ರೀತಿಸಿದ ದೊರೆಯವನು. ತಂಬೂರ ನುಡಿಸುವವನ ಸಾಕ್ಷ್ಯ ಸಲ್ಲದೆಂಬ ನ್ಯಾಯಗ್ರಂಥ ಅವನ ರಾಜ್ಯದ ಖಾಜಿಗಳ ಬಳಿಯೂ ಇದ್ದಿರಬೇಕು! ಔರಂಗಜೇಬನು ಸಂಗೀತವನ್ನು ಹೂಳಿಸಿದನೆಂಬ ಕಥೆಯೂ ಈ ಸಂದರ್ಭದಲ್ಲಿ ನೆನಪಾಗುತ್ತದೆ. ಅದು ಮನೂಚಿಯೆಂಬ ಇಟಲಿಯ ಪ್ರವಾಸಿಯ ಬರಹದಿಂದ ಹರಡಿದ್ದು. ಬಾದಶಹನು ತಾನು ಕೇಳುವುದನ್ನು ಬಿಟ್ಟದ್ದು ನಿಜ. ಆದರೆ ಅವನ ಕಾಲದಲ್ಲೇ ಪಾರಸಿಯಲ್ಲಿ ಅನೇಕ ಸಂಗೀತಶಾಸ್ತ್ರಗ್ರಂಥಗಳು ರಚಿತವಾದವೆಂದು ಕ್ಯಾಥರೀನ್ ಸ್ಕೋಫೀಲ್ಡ್ ಎಂಬ ವಿದುಷಿ ೨೦೦೭ರಲ್ಲಿ ಪ್ರಕಟಿಸಿದ ಲೇಖನದಲ್ಲಿ ತೋರಿಸಿಕೊಟ್ಟಿದ್ದಾರೆ.

ಧಾರವಾಡದ ಕಡೆಯ ಸಂಗೀತದ ಕಥೆ ನಿಮಗೆಲ್ಲ ತಿಳಿದದ್ದೇ. ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರು, ಅವರಿಂದ ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು; ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನ್, ಭುರ್ಜೀಖಾನರಿಂದ ಮಲ್ಲಿಕಾರ್ಜುನ ಮನಸೂರರು. ಖಾನ್‌ಸಾಹೇಬರು ತ್ಯಾಗರಾಜರ ಕೃತಿಯನ್ನೂ ಹಾಡಿ ಧ್ವನಿಮುದ್ರಿಸಿದವರು. ೧೯೩೭ರಲ್ಲಿ ಪಾಂಡಿಚೇರಿಗೆ ಹೋಗುತ್ತಿದ್ದಾಗ ದಾರಿಯಲ್ಲಿ, ಒಂದು ಸಣ್ಣ ರೈಲುನಿಲ್ದಾಣದಲ್ಲಿ ತೀರಿಕೊಂಡರು. ಅವರ ಸಮಾಧಿ ಇರುವುದು ಮಿರಜಿನ ಖ್ವಾಜಾ ಮೀರಾಸಾಹೇಬರ ದರ್ಗಾದ ಆವರಣದಲ್ಲಿ. ಉರುಸಿನ ದಿನಗಳಲ್ಲಿ ಅಲ್ಲಿ ಹಾಡುವುದನ್ನು ಗಾಯಕರು ಹರಕೆಯಂತೆ ನಡೆಸಿಕೊಂಡು ಬಂದಿದ್ದಾರೆ.

ಈಗ ಶಾಲೆಯ ಮತ್ತು ಊರಿನ ಕಲಾಪಗಳ ಪ್ರಶ್ನೆಗೆ ಬರುತ್ತೇನೆ. ಅಮೆರಿಕದ ವಿದುಷಿ ಲಮ್ಯಾ ಅಲ್ ಫಾರೂಖಿ ೧೯೮೫ರಲ್ಲಿ ಒಂದು ಶ್ರೇಣಿಯನ್ನು ಸೂಚಿಸಿದರು. ಅತ್ಯುಚ್ಚ ಸ್ಥಾನದಲ್ಲಿ ಕುರಾನ್ ಪಠಣ. ಅನಂತರ ಆಜಾನು, ಸ್ತುತಿಗೀತೆಗಳು. ಅನಂತರ ಮದುವೆಯ ಹಾಡು, ಜೋಗುಳ, ದುಡಿಮೆಯ ಹಾಡು, ಸೈನ್ಯದ ವಾದ್ಯ. ಇಲ್ಲಿಯವರೆಗೆ ಆಕ್ಷೇಪ ಕಡಿಮೆ. ಅದರ ಕೆಳಗೆ ವಿವಾದಾಸ್ಪದವಾದ ಕಛೇರಿ ಸಂಗೀತ. ಕಟ್ಟಕಡೆಗೆ ಮದ್ಯಕ್ಕೂ ಕಾಮಕ್ಕೂ ಜೊತೆಯಾದ ಸಂಗೀತ. ಒಂದೊಂದು ಮನೆತನ ಗೆರೆ ಎಳೆಯುವುದು ಈ ಏಣಿಯ ಬೇರೆ ಬೇರೆ ಮೆಟ್ಟಿಲಲ್ಲಿ. ಈಜಿಪ್ಟಿನ ಅಲ್ ಅಜ್‌ಹರ್ ವಿದ್ಯಾಪೀಠದ ಮುಖ್ಯಸ್ಥರಾಗಿ ೧೯೫೮ರಿಂದ ೧೯೬೩ರವರೆಗೆ ಇದ್ದ ಶೇಖ್ ಶಲ್ತೂತರು ಸಂಗೀತ ಅನುಮತವೆಂದೇ ಫತ್ವಾ ನೀಡಿದ್ದರು. ಆಫಘಾನಿಸ್ತಾನದ ತಾಲಿಬಾನರ ದೃಷ್ಟಿಯಲ್ಲಿ ಎಲ್ಲ ವಾದ್ಯವೂ ನಿಷಿದ್ಧ. ೨೦೨೧ರಲ್ಲಿ ಅವರು ಮರಳಿ ಅಧಿಕಾರಕ್ಕೆ ಬಂದ ಮೇಲೆ ಕಾಬೂಲಿನ ರಾಷ್ಟ್ರೀಯ ಸಂಗೀತಶಾಲೆಯ ಮಕ್ಕಳೂ ಗುರುಗಳೂ ದೇಶ ಬಿಟ್ಟು ಪೋರ್ಚುಗಲ್ಲಿನಲ್ಲಿ ನೆಲೆಸಬೇಕಾಯಿತು. ಎರಡೂ ಕಡೆಯವರು ಓದುವ ಕುರಾನ್ ಒಂದೇ.

ಇಂಗ್ಲೆಂಡಿನಲ್ಲಿ ಸಂಗೀತ ಶಾಲಾಪಠ್ಯದ ಕಡ್ಡಾಯ ಭಾಗ. ಧರ್ಮಬೋಧೆಯ ತರಗತಿಯಿಂದ ಮಗುವನ್ನು ಬಿಡಿಸಿಕೊಳ್ಳುವ ಹಕ್ಕು ತಾಯಿತಂದೆಯರಿಗಿದೆ. ಸಂಗೀತದ ತರಗತಿಯಿಂದ ಬಿಡಿಸಿಕೊಳ್ಳುವ ಹಕ್ಕಿಲ್ಲ. ಬ್ರಿಟನ್ನಿನ ಮುಸ್ಲಿಂ ಮಂಡಳಿ ೨೦೦೭ರಲ್ಲಿ ಶಾಲೆಗಳಿಗೆಂದು ಪ್ರಕಟಿಸಿದ ಮಾರ್ಗದರ್ಶಿಯಲ್ಲಿ, ಸಂಪ್ರದಾಯದಂತೆ ಮನುಷ್ಯಕಂಠ ಮತ್ತು ಶ್ರುತಿ ಮಾಡಲಾಗದ ಚರ್ಮವಾದ್ಯಗಳಿಗೆ ಸಂಗೀತ ಸೀಮಿತವೆಂದು ಹೇಳಿತು. ಇದನ್ನು ಸಂಕುಚಿತವೆಂದವರು ಮುಸ್ಲಿಮರಲ್ಲೇ ಇದ್ದರು. ಆದರೆ ಉಪಾಧ್ಯಾಯನ ದೃಷ್ಟಿಯಿಂದ ನೋಡಿದರೆ ಅದರಲ್ಲಿ ಒಂದು ಬಾಗಿಲು ತೆರೆದೇ ಇದೆ: ಕಂಠ ಮತ್ತು ತಾಳ. ಇವೆರಡರಿಂದ ಏನನ್ನು ತಾನೆ ಕಲಿಸಲಾಗದು? ಆಂಗ್ಲ ಗಾಯಕ ಕ್ಯಾಟ್ ಸ್ಟೀವನ್ಸ್ ೧೯೭೭ರಲ್ಲಿ ಮತಾಂತರಗೊಂಡು ಯೂಸುಫ್ ಇಸ್ಲಾಂ ಆದ ಮೇಲೆ ಗಿಟಾರನ್ನು ಬದಿಗಿಟ್ಟು, ಮುಂದೆ ಬಹುಕಾಲ ಕಂಠ, ತಾಳಗಳಲ್ಲೇ ಮಕ್ಕಳಿಗಾಗಿ ಹಾಡಿದರು. ೨೦೦೬ರಲ್ಲಿ ಗಿಟಾರ್ ಸಹಿತ ಮರಳಿದರು. ಒಬ್ಬನೇ ಮನುಷ್ಯ ತನ್ನ ಜೀವಿತದಲ್ಲೇ ಆ ಏಣಿಯ ಎರಡು ಮೆಟ್ಟಿಲುಗಳಲ್ಲಿ ನಿಂತನು.

ನಮ್ಮ ನೆರೆಯ ಕೇರಳ ಈ ಗಂಟನ್ನು ಬೇರೆ ರೀತಿಯಲ್ಲಿ ಬಿಡಿಸಿದೆ. ೧೯೫೭ರಲ್ಲಿ ಆರಂಭವಾದ ಅಲ್ಲಿನ ರಾಜ್ಯಮಟ್ಟದ ಶಾಲಾ ಕಲೋತ್ಸವದಲ್ಲಿ ಭರತನಾಟ್ಯ, ಕಥಕಳಿಗಳ ಜೊತೆಗೆ ಮಾಪಿಳ್ಳೆ ಹಾಡು, ಒಪ್ಪನ, ದಫ್ಫ್‌ಮುಟ್ಟು, ಕೋಲ್ಕಳಿಗಳೂ ಕಾಲಕ್ರಮದಲ್ಲಿ ಸ್ಪರ್ಧೆಯ ಕಲೆಗಳಾದವು. ಮದುಮಗಳನ್ನು ನಡುವೆ ಕೂರಿಸಿ ಗೆಳತಿಯರು ಚಪ್ಪಾಳೆ ತಟ್ಟಿ ಹಾಡುವ ಒಪ್ಪನವನ್ನು ಹಿಂದೂ, ಕ್ರೈಸ್ತ ಹುಡುಗಿಯರೂ ಅಭ್ಯಾಸ ಮಾಡಿ ವೇದಿಕೆಗೆ ತರುತ್ತಾರೆ. 'ನಮ್ಮ ಕಾರ್ಯಕ್ರಮಕ್ಕೆ ಅವರೂ ಬರಲಿ' ಎನ್ನುವುದಕ್ಕೂ 'ಅವರ ಹಾಡು ನಮ್ಮ ಕಾರ್ಯಕ್ರಮದಲ್ಲಿರಲಿ' ಎನ್ನುವುದಕ್ಕೂ ಎಷ್ಟು ಅಂತರವಿದೆಯೆಂಬುದು ಇದರಿಂದ ಗೊತ್ತಾಗುತ್ತದೆ. ಕರಾವಳಿಯ ಬ್ಯಾರಿಗಳಲ್ಲೂ ದಫ್ಫು ಇದೆ, ಮದುವೆಯ ಹಾಡುಗಳಿವೆ. ದಕ್ಷಿಣ ಕನ್ನಡದ ಶಾಲೆಗಳು ಇವನ್ನು ಇನ್ನೂ ಹೆಚ್ಚಾಗಿ ಬಳಸಿಕೊಳ್ಳಬಹುದು.

ಅನೇಕ ಸಲ ತಡೆಯಾಗುವುದು ಸ್ವರವೇ ಅಲ್ಲ. ಪ್ರಾರ್ಥನಾಗೀತೆಯಲ್ಲಿ ದೇವತಾಮೂರ್ತಿಗೆ ವಂದನೆಯಿದ್ದರೆ, ಹಾಡಲು ಒಲ್ಲದ ಮಗುವಿನ ತೊಡಕು ಮಾತಿನದು. ಮಳೆಯ ಮೇಲಿನ, ನಾಡಿನ ಮೇಲಿನ ಹಾಡಿಗೆ ಅದೇ ಮಗು ಮೊದಲು ಕೈಯೆತ್ತೀತು. ಕೆಲವರಿಗೆ ವಾದ್ಯ ತೊಡಕು. ಕೆಲವರಿಗೆ ಪ್ರಾಯಕ್ಕೆ ಬಂದ ಹೆಣ್ಣುಮಗಳು ಪರಪುರುಷರೆದುರು ಒಬ್ಬಳೇ ಹಾಡುವುದು ಒಪ್ಪಿಗೆಯಿಲ್ಲ. ಅವರಿಗೆ ಸ್ತ್ರೀಯರ ಸಭೆಯಲ್ಲಿ ಹಾಡಿಸಿದರೆ ಅಭ್ಯಂತರವಿಲ್ಲ. ಇನ್ನು ಕೆಲವೊಮ್ಮೆ ತಾಲೀಮನ್ನು ಸಂಜೆಯ ನಮಾಜಿನ ವೇಳೆಗೋ ರಂಜಾನಿನ ಉಪವಾಸದ ಅಪರಾಹ್ನಕ್ಕೋ ಇಟ್ಟುದೇ ಕಾರಣವಾಗಿರುತ್ತದೆ. ಗಡಿಯಾರ ನೋಡಿದ್ದರೆ ತಪ್ಪುತ್ತಿತ್ತು. ಇವನ್ನೆಲ್ಲ ಒಂದೇ ಮೂಟೆ ಕಟ್ಟಿ 'ಅವರಿಗೆ ಸಂಗೀತ ಆಗದು' ಎಂದುಬಿಡುವುದು ಸೋಮಾರಿತನ. ಹಾಗೆಯೇ, ಮಗು ಹಾಡಲು ಬಯಸುತ್ತಿದ್ದರೂ ಜಾತಿಯ ಹಿರಿಯರ ಒಂದೇ ಮಾತಿಗೆ ಅದರ ಕಂಠವನ್ನು ಕಟ್ಟಿಬಿಡುವುದು ಧರ್ಮನಿಷ್ಠೆಯೆಂದು ಒಪ್ಪಲು ನನ್ನಿಂದಾಗದು. ಗಜಾಲಿಯವರ ಮುಂದೆ ಅಂಥ ವಾದ ನಿಲ್ಲುತ್ತಿರಲಿಲ್ಲ.

ಇಷ್ಟೆಲ್ಲ ಪುಸ್ತಕದ ಮಾತಾಯಿತು. ಎಲ್ಲರೂ ಕೂಡಿ ಹಾಡುವ ಕಲೆಯನ್ನು ನಮ್ಮ ಉತ್ತರ ಕರ್ನಾಟಕದ ಹಳ್ಳಿ ಯಾವ ಮಾರ್ಗದರ್ಶಿಯೂ ಇಲ್ಲದೆ ಕಂಡುಕೊಂಡಿತ್ತು. ಮೊಹರಂ ಎಂದರೆ ಕ್ರಿ.ಶ. ೬೮೦ರಲ್ಲಿ ಕರ್ಬಲಾದ ಮರಳುಗಾಡಿನಲ್ಲಿ ನೀರಿಲ್ಲದೆ ಮಡಿದ ಹುಸೇನರ ಶೋಕದ ದಿನಗಳು. ನಮ್ಮ ಜನ ಅದನ್ನು ಅಲಾಯಿ ಹಬ್ಬ ಮಾಡಿಕೊಂಡರು. ಅಲಾಯಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಪಂಜಾಗಳನ್ನು ಪೀರಲ ದೇವರೆಂದು ಹೊತ್ತು ತರುತ್ತಾರೆ, ಹುಲಿವೇಷ ಕಟ್ಟುತ್ತಾರೆ, ಹಲಗೆಯ ಬಡಿತಕ್ಕೆ ಹೆಜ್ಜೆ ಹಾಕುತ್ತಾರೆ. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಹಿಂದೂಗಳೇ ಇದನ್ನು ನಡೆಸುವುದುಂಟು. ರಾಯಚೂರು ಜಿಲ್ಲೆಯ ಮುದಗಲ್ಲಿನ ಮೊಹರಮ್ಮಿಗೆ ಸೇರುವ ಜನಸ್ತೋಮ ಪ್ರಸಿದ್ಧವಾದುದು. ಹತ್ಯೆಯ ರಾತ್ರಿ ಎಂಬರ್ಥದ 'ಕತಲ್ ಕೀ ರಾತ್' ಕನ್ನಡಿಗನ ಬಾಯಲ್ಲಿ 'ಕತ್ತಲರಾತ್ರಿ'ಯಾಯಿತು. ಭಾಷಾಶಾಸ್ತ್ರದ ಕಣ್ಣಿಗೆ ಇದು ಅಪಭ್ರಂಶ. ಆದರೆ ಆ ರಾತ್ರಿಯ ಭಾವಕ್ಕೆ ಇದಕ್ಕಿಂತ ಒಳ್ಳೆಯ ಅನುವಾದವನ್ನು ಯಾವ ಪಂಡಿತನೂ ಮಾಡಲಾರ.

ಅಂದು ಹಾಡುವ ಪದಗಳಿಗೆ ರಿವಾಯತ ಎಂದು ಹೆಸರು. ಅರಬ್ಬಿಯಲ್ಲಿ ಆ ಶಬ್ದಕ್ಕೆ ನಿರೂಪಣೆ ಎಂದರ್ಥ. ಹದೀಸುಗಳ ಪರಂಪರೆಗೂ ಅದೇ ಶಬ್ದ ಸಲ್ಲುತ್ತದೆ. ನಮ್ಮಲ್ಲಿ ಅದು ಅಚ್ಚ ಕನ್ನಡದ ಮೇಳದ ಹಾಡು. ಮಕ್ಕಳ ಬಾಯಾರಿಕೆ, ಖಾಸೀಮನ ಮದುವೆ, ತಾಯಿಯ ಅಳಲು ಇವುಗಳನ್ನು ಕಂಬಳಿ ಹೊದ್ದ ಒಕ್ಕಲಿಗನು ತನ್ನ ಮನೆಯ ಸಾವೆಂಬಂತೆ ಹಾಡುತ್ತಾನೆ. ಎರಡು ಮೇಳಗಳು ಎದುರು ಬದುರಾದರೆ ಸವಾಲು ಜವಾಬು ಬೆಳಗಿನವರೆಗೂ ನಡೆದೀತು. ೧೮೧೯ರಿಂದ ೧೮೮೯ರವರೆಗೆ ಬಾಳಿದ ಶಿಶುನಾಳ ಶರೀಫಸಾಹೇಬರೂ ಅಲಾವಿ ಪದಗಳನ್ನು ಕಟ್ಟಿದವರು. ಬ್ರಾಹ್ಮಣ ಗುರು ಗೋವಿಂದಭಟ್ಟರ ಶಿಷ್ಯರಾದ ಈ ಸಂತರು ತಂಬೂರಿಯನ್ನು ದೇಹಕ್ಕೇ ಪ್ರತೀಕವಾಗಿ ಮಾಡಿದರು. 'ಹಿದಾಯಾ'ದ ಕಟಕಟೆಯಲ್ಲಿ ಸಾಕ್ಷಿ ಹೇಳಲು ಬಾರದ ವಾದ್ಯ ಇಲ್ಲಿ ಜೀವಾತ್ಮನ ಪರವಾಗಿ ನುಡಿಯಿತು. ಸೂಫಿಗಳ ಈ ಕನ್ನಡ ಬಾಳುವೆಯನ್ನು ಕುರಿತು ರಹಮತ್ ತರೀಕೆರೆಯವರು 'ಕರ್ನಾಟಕದ ಸೂಫಿಗಳು' ಗ್ರಂಥದಲ್ಲಿ ವಿಸ್ತಾರವಾಗಿ ಬರೆದಿದ್ದಾರೆ.

ಈ ಹಾಡಿಗೆ ಈಗ ಎರಡು ಕಡೆಯಿಂದ ಒತ್ತಡವಿದೆ. ಕುಣಿತ, ವೇಷ, ಪಂಜಾಪೂಜೆ ಇವು ಇಸ್ಲಾಮಿಗೆ ಸಲ್ಲವೆಂದು ಸುಧಾರಣವಾದಿ ಮುಸ್ಲಿಮರು ಹೇಳುತ್ತಾರೆ. ಅನ್ಯರ ಹಬ್ಬ ನಮಗೇಕೆಂದು ಹಿಂದೂಗಳಲ್ಲಿ ಕೆಲವರು ಕೇಳುತ್ತಾರೆ. ಇಬ್ಬರೂ ತಂತಮ್ಮ ಧರ್ಮದ ಶುದ್ಧಿಗಾಗಿ ಹೇಳುವುದಾಗಿ ನಂಬಿದ್ದಾರೆ. ಒಬ್ಬ ಮುಜಾವರನೋ ಒಬ್ಬ ಹಲಗೆಯವನೋ ಹಿಂದೆ ಸರಿದರೆ ಆ ಊರಿನ ಮೇಳ ನಿಲ್ಲುತ್ತದೆ. ಮೂರು ವರ್ಷ ನಿಂತರೆ ಹುಡುಗರಿಗೆ ಮಟ್ಟು ಮರೆಯುತ್ತದೆ. ರಿವಾಯತದ ಹಾಡುಗಾರರ ಮನೆಗಳಲ್ಲಿ ಕೈಬರಹದ ಹಳೆಯ ಪುಸ್ತಕಗಳಿರುವುದುಂಟು. ಅವುಗಳಲ್ಲಿ ಮಾತು ಇರುತ್ತದೆ, ಧಾಟಿ ಇರುವುದಿಲ್ಲ. ಧಾಟಿ ಇರುವುದು ಹಿರಿಯರ ಕಂಠದಲ್ಲಿ ಮಾತ್ರ. ನಿಮ್ಮ ಊರಿನಲ್ಲಿ ಅಂಥ ಹಿರಿಯರೊಬ್ಬರಿದ್ದರೆ, ಬರುವ ಮೊಹರಮ್ಮಿನ ಚಂದ್ರದರ್ಶನದೊಳಗಾಗಿ ಅವರ ಪುಸ್ತಕವನ್ನು ಪ್ರತಿ ಮಾಡಿಕೊಳ್ಳಿರಿ, ಅವರಿಂದ ಹಾಡಿಸಿ ಧ್ವನಿಮುದ್ರಿಸಿಕೊಳ್ಳಿರಿ. ಹಲಗೆಯವನನ್ನೂ ಜೊತೆಗೆ ಕರೆಯಿರಿ. ಅವನಿಲ್ಲದೆ ಅವರಿಗೆ ಪದ ಏಳುವುದಿಲ್ಲ.